ಬ್ರೇಕ್ ಧೂಳಿಗೆ ಯಾವ ಮದ್ದು?

ಕಾರು ತೊಳೆಯುವಾಗ ಎಲ್ಲಕ್ಕಿಂತ ಕಡೆಗೆ ಸರದಿ ಬರುವುದು ಗಾಲಿಗಳಿಗೆ. ಬಾನೆಟ್ಟು, ಬಾಗಿಲು, ಗಾಜುಗಳನ್ನೆಲ್ಲ ಒರೆಸಿ ಮುಗಿದ ಮೇಲೆ ಬಕೆಟ್ಟಿನ ತಳದಲ್ಲಿ ಉಳಿದ ರಾಡಿನೀರಿನಿಂದ, ಅದೇ ಬಟ್ಟೆಯಿಂದ ಗಾಲಿಗಳ ಮುಖ ಉಜ್ಜಿದರೆ ಕೆಲಸ ಮುಗಿಯಿತು. ಹೀಗೇ ತಿಂಗಳುಗಟ್ಟಲೆ ನಡೆದು, ಬೆಳ್ಳಿ ಬಣ್ಣದ ಅಲಾಯ್ ವೀಲ್ ಪೂರ್ತಿ ಕಪ್ಪಿಟ್ಟ ಮೇಲೆ ವಾಟರ್ ಸರ್ವಿಸಿಗೆ ಹೋಗಿ, ‘ಏನಾದರೂ ಸ್ಟ್ರಾಂಗಾಗಿ ಹಾಕಿ ತೊಳೀರಿ’ ಎನ್ನುತ್ತೇವೆ. ಮೊದಲು ಉದಾಸೀನ, ಆಮೇಲೆ ಆಸಿಡ್: ನಮ್ಮಲ್ಲಿ ಗಾಲಿ ತೊಳೆಯುವ ಪದ್ಧತಿ ಈ ಎರಡು ತುದಿಗಳ ನಡುವೆ ಓಲಾಡುತ್ತಿದೆ. ಎರಡರಿಂದಲೂ ಗಾಲಿಗೆ ಹಾನಿ. ಎರಡನೆಯದರಿಂದ ತೊಳೆಯುವವರ ಕೈಗೂ ಹಾನಿ. ಒಂದು ವಿಧಾನ ಎಷ್ಟು ಬೇಗ ಹೊಳಪು ತರುತ್ತದೆ ಎಂದು ನೋಡಿ ಅದಕ್ಕೆ ಬೆಲೆ ಕಟ್ಟಬಾರದು. ಮುಂದಿನ ಸಲ ಅಷ್ಟೇ ಖಾರದ ಮದ್ದು ಬೇಕಾಗದಂತೆ ಅದು ಮಾಡುತ್ತದೆಯೇ ಎಂಬುದೇ ನನ್ನ ಒರೆಗಲ್ಲು.

ಈ ಕಪ್ಪು ಪುಡಿಯ ಮೂಲ ಕಾರಿನೊಳಗೇ ಇದೆ. ಬ್ರೇಕ್ ಒತ್ತಿದಾಗ ಪ್ಯಾಡುಗಳು ಬೀಡು ಕಬ್ಬಿಣದ ಡಿಸ್ಕನ್ನು ಎರಡೂ ಕಡೆಯಿಂದ ಅದುಮುತ್ತವೆ. ಓಟದ ಶಕ್ತಿ ಶಾಖವಾಗಿ ಹೋಗುತ್ತದೆ, ಡಿಸ್ಕೂ ಪ್ಯಾಡೂ ಕೊಂಚ ಕೊಂಚವೇ ಸವೆಯುತ್ತವೆ. ಸವೆದ ಪುಡಿಯಲ್ಲಿ ಕಬ್ಬಿಣ, ಇಂಗಾಲ, ಪ್ಯಾಡಿನ ರಾಳ, ನಾರು ಎಲ್ಲವೂ ಇರುತ್ತವೆ. ನಿಲ್ಲಿಸುವಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ದುಡಿಮೆ ಮುಂದಿನ ಬ್ರೇಕುಗಳದು. ಮುಂದಿನ ಗಾಲಿಗಳೇ ಮೊದಲು ಕಪ್ಪಾಗುವುದು ಅದಕ್ಕೇ. ನಮ್ಮ ಸಣ್ಣ ಕಾರುಗಳಲ್ಲಿ ಹಿಂದೆ ಹೆಚ್ಚಾಗಿ ಡ್ರಮ್ ಬ್ರೇಕ್ ಇರುತ್ತದೆ, ಅದರ ಪುಡಿ ಬಹುಪಾಲು ಡ್ರಮ್ಮಿನೊಳಗೇ ಉಳಿಯುತ್ತದೆ. ಮುಂದಿನ ಎರಡರಲ್ಲಿ ಒಂದು ಗಾಲಿ ಮಾತ್ರ ವಿಪರೀತ ಕಪ್ಪಾಗುತ್ತಿದ್ದರೆ ಆ ಬದಿಯ ಕ್ಯಾಲಿಪರ್ ಬಿಗಿದುಕೊಂಡಿರಬಹುದು. ತೊಳೆದು ಮರೆಯುವ ಮೊದಲು ಮೆಕ್ಯಾನಿಕ್‌ಗೆ ತೋರಿಸಬೇಕು.

ಬಿಸಿಯಾಗಿ ಸಿಡಿದ ಕಬ್ಬಿಣದ ಕಣ ಗಾಲಿಯ ಪಾರದರ್ಶಕ ಲೇಪಕ್ಕೆ, ಅಂದರೆ ಕ್ಲಿಯರ್ ಕೋಟಿಗೆ ಅಂಟಿಕೊಳ್ಳುತ್ತದೆ. ಮಳೆಯೋ ಇಬ್ಬನಿಯೋ ತಾಗಿದರೆ ತುಕ್ಕು ಹಿಡಿದು ಕಿತ್ತಳೆ ಚುಕ್ಕೆಗಳಾಗಿ ಕಚ್ಚಿ ಕೂರುತ್ತದೆ. ಹೊಸದಾಗಿ ಕೂತಾಗ ಶಾಂಪೂ ನೀರಿಗೇ ಬಿಡುವ ಧೂಳು ಒಂದು ಮಳೆಗಾಲ ಕಳೆದ ಮೇಲೆ ಉಗುರಿಗೂ ಬಿಡದು. ದುಬಾರಿ ವೇರಿಯಂಟುಗಳಲ್ಲಿ ಬರುವ ಡೈಮಂಡ್ ಕಟ್ ಗಾಲಿಗಳು ಇನ್ನೂ ನಾಜೂಕು. ಲೇತ್‌ನಲ್ಲಿ ಕಡೆದ ಅವುಗಳ ಅಲ್ಯೂಮಿನಿಯಂ ಮುಖಕ್ಕೆ ಬಣ್ಣವಿಲ್ಲ, ಅದನ್ನು ಕಾಯುವುದು ಆ ಪಾರದರ್ಶಕ ಲೇಪವೊಂದೇ. ಲೇಪ ಎಲ್ಲಾದರೂ ಬಿಟ್ಟುಕೊಂಡರೆ ನೀರು ಒಳಸೇರಿ, ಅದರಡಿಯಲ್ಲಿ ಬಿಳಿ ಹುಳು ಹರಿದ ಜಾಡಿನಂತೆ ಲೋಹ ಕೆಡುತ್ತಾ ಹೋಗುತ್ತದೆ.

ಇಂಥ ಗಾಲಿಗೆ ಆಸಿಡ್ ಸುರಿಯುವುದನ್ನು ನಾನು ಒಪ್ಪಲಾರೆ. ಅದು ಬೇಗ ಕೆಲಸ ಮಾಡುತ್ತದೆ ನಿಜ, ಜನಪ್ರಿಯವಾಗಿರುವುದೂ ಅದರಿಂದಲೇ. ಆದರೆ ಧೂಳು ಯಾವುದು, ಗಾಲಿ ಯಾವುದು ಎಂಬ ಭೇದ ಅದಕ್ಕಿಲ್ಲ. ಲೇಪದಲ್ಲಿ ಸಣ್ಣ ಬಿರುಕಿದ್ದರೂ ಒಳನುಗ್ಗಿ ಅಲ್ಯೂಮಿನಿಯಂ ತಿನ್ನುತ್ತದೆ, ಪಾಲಿಶ್ ಮಾಡಿದ ಬರಿಯ ಲೋಹವನ್ನು ಮಂಕಾಗಿಸುತ್ತದೆ, ನಟ್ಟುಗಳಿಗೆ ತುಕ್ಕು ತರುತ್ತದೆ. ಕೆಲವು ವೀಲ್ ಕ್ಲೀನರುಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವೋ, ಅದನ್ನು ಹುಟ್ಟಿಸುವ ಅಮೋನಿಯಂ ಬೈಫ್ಲೋರೈಡ್ ಲವಣವೋ ಇರುತ್ತದೆ. ಈ ಆಮ್ಲ ಚರ್ಮ ದಾಟಿ ಇಳಿದು ದೇಹದ ಕ್ಯಾಲ್ಸಿಯಂ ಕಸಿಯುತ್ತದೆ. ತೆಳುವಾದ ದ್ರಾವಣ ತಾಗಿದರೆ ನೋವು ಗಂಟೆಗಟ್ಟಲೆ ತಡವಾಗಿ ಶುರುವಾಗಬಹುದು; ಅಷ್ಟರಲ್ಲಿ ಆಗುವ ಹಾನಿ ಆಗಿರುತ್ತದೆ. ಲೇಬಲ್ಲಿಲ್ಲದ ಕ್ಯಾನಿಗೆ ಬರಿಗೈಯಲ್ಲಿ ಬ್ರಷ್ ಅದ್ದುವ ಹುಡುಗನಿಗೆ ಇದನ್ನು ಹೇಳುವವರು ಅಪರೂಪ. ನಮ್ಮ ಗಾಲಿ ಹೊಳೆಯಲೆಂದು ಇನ್ನೊಬ್ಬರ ಬೆರಳು ಸುಡುವುದು ಅನ್ಯಾಯ. ಏನು ಹಾಕುತ್ತಿದ್ದೀರಿ ಎಂದು ಕೇಳುವುದು, ಸರಿಯಾದ ಉತ್ತರ ಸಿಗದಿದ್ದರೆ ಬೇಡವೆನ್ನುವುದು ಕಾರಿನ ಒಡೆಯರ ಹೊಣೆ.

ತೀಕ್ಷ್ಣ ಕ್ಷಾರವಿರುವ ಡಿಗ್ರೀಸರುಗಳೂ ಇದೇ ಸಾಲಿಗೆ ಸೇರುತ್ತವೆ. ಬರಿಯ ಅಲ್ಯೂಮಿನಿಯಂ ಆಮ್ಲಕ್ಕೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ. ಸೀಮೆಎಣ್ಣೆಗೆ ಟಾರಿನ ಕಲೆ ಬಿಡುತ್ತದೆ, ಕಬ್ಬಿಣದ ಕಣ ಜಗ್ಗುವುದಿಲ್ಲ; ಅದರ ಪಸೆ ಡಿಸ್ಕಿಗೆ ತಾಗಿದರೆ ಬ್ರೇಕಿನ ಹಿಡಿತಕ್ಕೇ ಸಂಚಕಾರ. ಪಾತ್ರೆ ತಿಕ್ಕುವ ಸ್ಕ್ರಬ್ಬರಂತೂ ಲೇಪಕ್ಕೆ ಗೀರೆಳೆದು ಮುಂದಿನ ಧೂಳಿಗೆ ಜಾಗ ಮಾಡಿಕೊಡುತ್ತದೆ.

ಡೀಟೇಲಿಂಗ್ ಅಂಗಡಿಗಳಲ್ಲಿ ಈಗ ಸಿಗುವ ಐರನ್ ರಿಮೂವರ್ ಇವೆಲ್ಲಕ್ಕಿಂತ ವಿವೇಕದ ಮದ್ದು. ಅದರ ಜೀವಾಳ ಥಯೋಗ್ಲೈಕೋಲೇಟ್ ಎಂಬ ಲವಣ. ಕೂದಲನ್ನು ಗುಂಗುರು ಮಾಡುವ ದ್ರಾವಣದಲ್ಲೂ ರೋಮ ತೆಗೆಯುವ ಕ್ರೀಮಿನಲ್ಲೂ ಇರುವುದು ಇದೇ ಬಳಗದ ರಾಸಾಯನಿಕ. ಅದು ಕಬ್ಬಿಣವನ್ನೇ ಹಿಡಿದು ನೀರಿನಲ್ಲಿ ಕರಗುವಂತೆ ಮಾಡುತ್ತದೆ, ಗಾಲಿಯಿಂದ ನೇರಳೆ ಬಣ್ಣ ಇಳಿಯುವುದು ಆ ಕ್ರಿಯೆಯ ಫಲ. ಪಿಎಚ್ ತಟಸ್ಥವಾಗಿರುವ ಬಗೆಯದನ್ನು ಆರಿಸಿಕೊಂಡರೆ ಲೇಪಕ್ಕೆ ಧಕ್ಕೆಯಿಲ್ಲ. ದೋಷವಿರುವುದು ಬಳಸುವ ರೀತಿಯಲ್ಲಿ. ನೇರಳೆ ಹೆಚ್ಚು ಇಳಿದಷ್ಟೂ ಗಾಲಿ ಸ್ವಚ್ಛವಾಯಿತು ಎಂದು ನಂಬಿ ಪ್ರತಿ ತೊಳೆತಕ್ಕೂ ಸಿಂಪಡಿಸುವವರಿದ್ದಾರೆ. ಬಣ್ಣದಿಂದ ತಿಳಿಯುವುದು ಅಲ್ಲಿ ಕಬ್ಬಿಣವಿದೆ ಎಂಬುದಷ್ಟೇ. ರಾಳ, ಟಾರು, ಜಿಡ್ಡಿನ ಮೇಲೆ ಈ ರಾಸಾಯನಿಕದ ಪ್ರಭಾವವಿಲ್ಲ. ಕೆಸರು ತೊಳೆಯದೆ ಹಾಕಿದರೆ ಬಾಟಲಿ ವ್ಯರ್ಥ, ಬಿಸಿಲಲ್ಲಿ ಒಣಗಲು ಬಿಟ್ಟರೆ ಕಲೆ ಗ್ಯಾರಂಟಿ. ಕೊಳೆತ ಮೊಟ್ಟೆಯ ನಾತ ಬರುವ ಈ ದ್ರಾವಣಕ್ಕೆ ಕೈಗವಸು ಬೇಕು, ಗಾಳಿಯಾಡುವ ಜಾಗ ಬೇಕು. ನೀರಿಗೆ ಬಿಡದ ಚುಕ್ಕೆಗಳು ಕಂಡಾಗ, ವರ್ಷಕ್ಕೆ ಎರಡು ಮೂರು ಸಲ ಬಳಸಿದರೆ ಧಾರಾಳವಾಯಿತು.

ಉಳಿದ ದಿನಗಳಿಗೆ ನಾನು ಎಲ್ಲಕ್ಕಿಂತ ಮೇಲಿಡುವುದು ಸಪ್ಪೆ ಎನಿಸುವ ಹಳೆಯ ವಿಧಾನವನ್ನೇ: ಹತ್ತು ಹದಿನೈದು ದಿನಕ್ಕೊಮ್ಮೆ ಕಾರ್ ಶಾಂಪೂ, ನೀರು, ಮೃದುವಾದ ಬ್ರಷ್. ಇದರ ಗುಣವೆಲ್ಲ ಕ್ರಮದಲ್ಲಿದೆ. ಗಾಲಿಗಳನ್ನು ಮೊದಲು ತೊಳೆಯಬೇಕು, ಬಾಡಿಯನ್ನು ಆಮೇಲೆ. ಗಾಲಿಗೆ ಬೇರೆಯೇ ಬಕೆಟ್, ಬೇರೆಯೇ ಬಟ್ಟೆ ಇರಬೇಕು. ಕಬ್ಬಿಣದ ಪುಡಿ ಸೇರಿದ ಬಟ್ಟೆ ಬಾನೆಟ್ಟಿನ ಮೇಲೆ ಆಡಿದರೆ ಬಣ್ಣದ ತುಂಬ ಗೀರು ಬೀಳುತ್ತದೆ. ಕಾರು ನಿಂತು ಡಿಸ್ಕ್ ಪೂರ್ತಿ ತಣಿದ ಮೇಲಷ್ಟೇ ನೀರು ಹಾಕಬೇಕು, ಕಾದ ಬೀಡು ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಡಿಸ್ಕ್ ಸೊಟ್ಟಗಾಗುವ ಅಪಾಯವಿದೆ. ಒಂದು ಗಾಲಿಯ ಮುಖ, ಒಳಬದಿ, ನಟ್ಟಿನ ಗುಳಿ ಮುಗಿಸಿ ಇನ್ನೊಂದಕ್ಕೆ ಹೋಗಬೇಕು. ಬೋರ್‌ವೆಲ್‌ನ ಗಡಸು ನೀರು ತಾನಾಗಿ ಒಣಗಿದರೆ ಬಿಳಿ ಕಲೆ ಉಳಿಯುವುದರಿಂದ ಒಣಬಟ್ಟೆಯಲ್ಲಿ ಒರೆಸಬೇಕು. ಕೊನೆಗೆ ನಿಧಾನವಾಗಿ ಓಡಿಸುತ್ತಾ ಒಂದೆರಡು ಸಲ ಬ್ರೇಕ್ ಒತ್ತಿದರೆ ಡಿಸ್ಕಿನ ಪಸೆಯೂ ತೊಳೆದ ಮೇಲೆ ಮೂಡುವ ತೆಳು ತುಕ್ಕೂ ಹೋಗುತ್ತವೆ.

ರಕ್ಷಣೆಯ ಲೇಪಗಳ ವಿಚಾರದಲ್ಲಿ ಅಬ್ಬರವೇ ಹೆಚ್ಚು. ಯಾವ ಲೇಪವೂ ಧೂಳು ಕೂರುವುದನ್ನು ತಡೆಯದು. ಕೂತದ್ದು ಕಚ್ಚಿಕೊಳ್ಳದಂತೆ, ನೀರಿಗೆ ಸಲೀಸಾಗಿ ಬಿಡುವಂತೆ ಮಾಡುತ್ತದೆ. ಕಾರ್ನೋಬಾ ಮೇಣ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಎಲೆಯದು. ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗುವ ಅದು ಬ್ರೇಕಿನ ಶಾಖದ ಪಕ್ಕದಲ್ಲಿ ಹೆಚ್ಚು ದಿನ ಬಾಳದು. ಪಾಲಿಮರ್ ಸೀಲಂಟ್ ಕೆಲವು ತಿಂಗಳು ನಿಲ್ಲುತ್ತದೆ. ಮನೆಯಲ್ಲೇ ಹಚ್ಚಿಕೊಳ್ಳಬಹುದು, ಖರ್ಚೂ ಕಡಿಮೆ. ಸಾಮಾನ್ಯ ಕಾರಿಗೆ ನನ್ನ ಆಯ್ಕೆ ಅದೇ. ಸೆರಾಮಿಕ್ ಕೋಟಿಂಗ್ ಬಾಳಿಕೆಯಲ್ಲಿ ಎಲ್ಲಕ್ಕಿಂತ ಮುಂದು, ಆದರೆ ಗಾಲಿ ಬಿಚ್ಚಿ, ಒಳಬದಿಯ ಕಬ್ಬಿಣವನ್ನೂ ತೆಗೆದು ಹಚ್ಚಿದರೆ ಮಾತ್ರ ಕೊಟ್ಟ ಹಣ ಸಾರ್ಥಕ. ಕೊಳೆಯ ಮೇಲೆ ಬಳಿದರೆ ಕೊಳೆಗೇ ರಕ್ಷಣೆ ಸಿಕ್ಕಂತಾಗುತ್ತದೆ. ಜಾಹೀರಾತಿನಲ್ಲಿ ಮೆರೆಯುವ ‘9ಎಚ್’ ಎಂಬುದು ಪೆನ್ಸಿಲ್ ಗೀರಿನ ಪರೀಕ್ಷೆಯ ಅಂಕ. ಫುಟ್‌ಪಾತಿನ ಅಂಚಿಗೆ ತಾಗಿದರೆ ಆ ಅಂಕ ಕಾಪಾಡದು. ಇನ್ನು, ಮೇಣವಾಗಲಿ ಟೈರ್ ಪಾಲಿಶ್ ಆಗಲಿ ಡಿಸ್ಕಿಗೆ, ಟೈರು ರಸ್ತೆಗೆ ತಾಗುವ ಮೈಗೆ ಬೀಳಲೇಬಾರದು. ಅದು ಜೀವದ ಪ್ರಶ್ನೆ.

ಧೂಳು ಹುಟ್ಟುವ ಕಡೆಗೂ ಕಣ್ಣು ಹಾಯಿಸಬೇಕು. ಐರೋಪ್ಯ ಕಾರುಗಳಲ್ಲಿ ಸಾಮಾನ್ಯವಾದ ಲೋ-ಮೆಟಾಲಿಕ್ ಪ್ಯಾಡು ಬಲವಾಗಿ ಹಿಡಿಯುತ್ತದೆ, ಹಾಗೆಯೇ ಹೆಚ್ಚು ಉದುರಿಸುತ್ತದೆ. ಸೆರಾಮಿಕ್ ಪ್ಯಾಡಿನ ಪುಡಿ ಕಡಿಮೆ, ಬಣ್ಣವೂ ತಿಳಿ. ಚಾರ್ಮಾಡಿಯನ್ನೋ ಶಿರಾಡಿಯನ್ನೋ ಇಳಿಯುವಾಗ ಬ್ರೇಕ್ ಮೆಟ್ಟಿಕೊಂಡೇ ಬರುವ ಬದಲು ಕೆಳಗಿನ ಗೇರಿನಲ್ಲಿ ಎಂಜಿನ್ ಹಿಡಿತಕ್ಕೆ ಬಿಟ್ಟರೆ ಧೂಳೂ ಕಡಿಮೆ, ಬ್ರೇಕೂ ಕಾಯದು. ಐರೋಪ್ಯ ಒಕ್ಕೂಟ 2024ರಲ್ಲಿ ತಂದ ಯೂರೋ 7 ನಿಯಮ ಬ್ರೇಕಿನ ಕಣಗಳಿಗೂ ಮಿತಿ ಹಾಕಿದೆ: ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಬ್ಯಾಟರಿ ಕಾರುಗಳಿಗೆ 3. ಗಾಲಿಯ ಮೇಲೆ ಕೂರುವುದು ಆ ಧೂಳಿನ ಒಂದು ಪಾಲು. ಉಳಿದದ್ದು ಗಾಳಿಗೆ, ರಸ್ತೆಗೆ ಸೇರುತ್ತದೆ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳದ ವಿಮರ್ಶೆ ಅರ್ಧದ್ದು. ಅಮೆರಿಕದ ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು 2010ರಲ್ಲಿ ಬ್ರೇಕ್ ಪ್ಯಾಡಿನ ತಾಮ್ರವನ್ನು ಹಂತಹಂತವಾಗಿ ಇಳಿಸುವ ಕಾಯ್ದೆ ಮಾಡಿದವು. ಮಳೆನೀರಿನಲ್ಲಿ ಕೊಚ್ಚಿಹೋದ ತಾಮ್ರ ಸಾಲ್ಮನ್ ಮೀನಿನಂಥ ಜಲಚರಗಳಿಗೆ ವಿಷ ಎಂಬುದು ಕಾರಣ. ಬೆಂಗಳೂರಿನ ಬೀದಿಯಲ್ಲಿ ತೊಳೆದ ಗಾಲಿಯ ನೀರು ರಾಜಕಾಲುವೆ ಹಿಡಿದು ಕೆರೆಗೆ ಸೇರುತ್ತದೆ. ಇದೇ ಊರಿನಲ್ಲಿ ನೀರಿಗೆ ತತ್ವಾರವಾಗಿ, 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಮಳೆನೀರು ಹಿಡಿದಿಟ್ಟು ಬಳಸುವುದು, ನೀರನ್ನು ಶುದ್ಧೀಕರಿಸಿ ಮರುಬಳಸುವ ವಾಶ್ ಸೆಂಟರನ್ನು ಹುಡುಕಿ ಹೋಗುವುದು ನಮ್ಮಿಂದ ಆಗುವ ಕೆಲಸ.

ಒರೆಗಲ್ಲಿಗೆ ಹಚ್ಚಿದಾಗ ಆಸಿಡ್ ಸೋಲುತ್ತದೆ: ಅದು ಲೇಪವನ್ನು ತಿಂದು ಗಾಲಿಯನ್ನು ಇನ್ನಷ್ಟು ಬೇಗ ಕೊಳೆಯಾಗುವಂತೆ ಮಾಡುತ್ತದೆ. ಐರನ್ ರಿಮೂವರ್ ಗೆಲ್ಲುವುದು ಅಪರೂಪಕ್ಕೆ ಬಳಸಿದಾಗ. ಸೀಲಂಟ್ ಹಚ್ಚಿ, ಧೂಳು ತುಕ್ಕಾಗುವ ಮೊದಲೇ ಶಾಂಪೂವಿನಿಂದ ತೊಳೆಯುವ ಅಭ್ಯಾಸ ಪೂರ್ತಿ ಗೆಲ್ಲುತ್ತದೆ, ಏಕೆಂದರೆ ಪ್ರತಿ ತೊಳೆತವೂ ಮುಂದಿನದನ್ನು ಹಗುರ ಮಾಡುತ್ತದೆ. ಕೈಗವಸು ಕೊಡುವ, ಲೇಬಲ್ಲಿರುವ ಮದ್ದು ಬಳಸುವ, ಗಾಲಿಗೆ ಬೇರೆ ಬಟ್ಟೆ ಇಡುವ ವಾಟರ್ ಸರ್ವಿಸಿಗೆ ಇಪ್ಪತ್ತೋ ಮೂವತ್ತೋ ರೂಪಾಯಿ ಹೆಚ್ಚು ಕೊಡಲು ನಾವು ಸಿದ್ಧರಾದರೆ ಈ ಅಭ್ಯಾಸ ಊರಿಗೂ ಹಬ್ಬುತ್ತದೆ.