ಪಡುವಣ ಪೇಟೆಗಳ ಲೆಕ್ಕದ ಗದ್ಯ

ಅಂಗಡಿಯ ಲೆಕ್ಕವು ವಿಮರ್ಶೆಗೆ ವಿಷಯವಾಗಬಲ್ಲುದೇ ಎಂದು ಕೆಲವರು ಶಂಕಿಸಬಹುದು. ಆದರೆ ಕನ್ನಡ ಗದ್ಯದ ಚರಿತ್ರೆಯನ್ನು ಬರೆಯತಕ್ಕವರು ಕಡತವನ್ನು ಬಿಟ್ಟು ಮುಂದೆ ಸಾಗುವಂತಿಲ್ಲ. ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದು ಮಡಿಸಿಡುತ್ತಿದ್ದ ಆ ಕಡತದಲ್ಲಿಯೂ, ಅನಂತರದ ಕಾಗದದ ಕೀರ್ದಿ-ಖಾತೆಗಳಲ್ಲಿಯೂ ವರ್ತಕನು ಬರಿಯ ಅಂಕಿಗಳನ್ನು ಇಡುತ್ತಿರಲಿಲ್ಲ. ಜಮೆಯಾದ ಹಣವು ಯಾರದು, ಯಾವ ಬಾಬ್ತಿನದು, ಕೈಗಡವೋ ಮುಂಗಡವೋ ಮಾಲಿನ ಕ್ರಯವೋ ಎಂಬುದನ್ನು ಒಂದೆರಡು ಮಾತುಗಳಲ್ಲಿ ಕಾಣಿಸುತ್ತಿದ್ದನು. ಆ ಕಿರುವಾಕ್ಯವೇ ಕೀರ್ದಿಯ ಜೀವಾಳ.

ಭಟ್ಕಳ, ಹೊನ್ನಾವರ, ಕುಮಟೆಗಳ ಸಣ್ಣ ಮತ್ತು ಮಧ್ಯಮ ವ್ಯವಹಾರಗಳಿಗೆ ಹೊಸ ಸಂಪರ್ಕಸಾಧನಗಳಿಂದ ಆದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ದೂರದ ಪೇಟೆಗಳೊಡನೆ ವ್ಯವಹರಿಸುವುದು ಈ ರೇವುಗಳಿಗೆ ಹೊಸದೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಎರೆನೆಲದ ಅರಳೆಯು ಈ ಬಂದರದಿಂದ ಸಾಗಿ, ಹೊರಗಿನ ಮಾರುಕಟ್ಟೆಗಳಲ್ಲಿ ಕುಮಟಾ ಹತ್ತಿಯೆಂದೇ ಹೆಸರಾಗಿದ್ದಿತು. ಇಂದು ಕುಮಟೆಯ ಅಡಕೆಯ ಧಾರಣೆ ಬೆಳೆಗಾರನ ಮೊಬೈಲಿಗೆ ಬರುತ್ತದೆ. ಹೊಸ ಚಾಲಿ, ಹಳೆ ಚಾಲಿ, ಚಿಪ್ಪು, ಕೋಕಾ, ಫ್ಯಾಕ್ಟರಿ ಎಂಬ ಪೇಟೆಯ ಮಾತುಗಳೇ ಅಲ್ಲಿಯೂ ಉಳಿದಿವೆ. ಇಲ್ಲಿ ಯಂತ್ರವು ಜನರ ನುಡಿಗೆ ಮಣಿದಿದೆ. ಹೈದರಾಬಾದಿನ ಸಾಗರಮಾಹಿತಿ ಕೇಂದ್ರವು ಕಡಲಿನ ಮೇಲ್ಮೈಯ ಶಾಖವನ್ನು ಉಪಗ್ರಹದಿಂದ ಅಳೆದು, ಮೀನು ದೊರೆಯಬಹುದಾದ ತಾಣಗಳನ್ನು ದಿಕ್ಕು, ದೂರ, ಆಳಗಳೊಡನೆ ಕನ್ನಡದಲ್ಲಿಯೂ ತಿಳಿಸುತ್ತಿರುವುದು ಇಂಥದೇ ಇನ್ನೊಂದು ಕಾರ್ಯ.

ಹಣದ ಬರಹದ ಸಂಗತಿ ಬೇರೆ. ೨೦೧೬ರಲ್ಲಿ ಯು.ಪಿ.ಐ. ಬಂದು, ಅದೇ ವರ್ಷದ ನವೆಂಬರಿನಲ್ಲಿ ನೋಟು ರದ್ದಾದ ಬಳಿಕ, ಕ್ರಮೇಣ ಗೂಡಂಗಡಿಗಳಲ್ಲಿಯೂ ಕ್ಯೂಆರ್ ಫಲಕ ನೆಲೆಸಿತು. ಹಣ ಬಂದೊಡನೆ ಪಕ್ಕದ ಪೆಟ್ಟಿಗೆಯು ಮೊತ್ತವನ್ನು ಕನ್ನಡದಲ್ಲಿ ಕೂಗುವುದನ್ನು ಕೇಳಿ ಭಾಷಾಭಿಮಾನಿಗಳು ಹಿಗ್ಗುವುದುಂಟು. ನನಗೆ ಆ ಹಿಗ್ಗಿನಲ್ಲಿ ಪಾಲಿಲ್ಲ. ಆ ಕೂಗಿನಲ್ಲಿ ಮೊತ್ತವುಂಟು, ಬಾಬ್ತು ಇಲ್ಲ. ಟಿಪ್ಪಣಿಗೆ ಸ್ಥಳವಿದೆಯಲ್ಲವೇ ಎಂದರೆ, ಇದೆ. ಆದರೆ ಅದನ್ನು ಬರೆಯತಕ್ಕವನು ಹಣ ಕೊಡುವವನೇ ಹೊರತು ಪಡೆಯುವವನಲ್ಲ. ಕೀರ್ದಿಯ ಕರ್ತೃತ್ವವೇ ಹೀಗೆ ಕೈಬದಲಾಗಿದೆ.

ಇದು ಬರಿಯ ಶೈಲಿಯ ಮಾತಲ್ಲ. ೨೦೨೫ರ ಜುಲೈಯಲ್ಲಿ ವಾಣಿಜ್ಯ ತೆರಿಗೆಗಳ ಇಲಾಖೆಯು ಯು.ಪಿ.ಐ. ಜಮೆಗಳನ್ನು ಆಧರಿಸಿ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತು. ತೆರಿಗೆಯಿಲ್ಲದ ತರಕಾರಿಯನ್ನು ಮಾರುವವರೂ ಅವರಲ್ಲಿದ್ದರು. ಹಿಂದಿನ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಸರಕಾರವು ಅದೇ ತಿಂಗಳಲ್ಲಿ ಹೇಳಬೇಕಾಯಿತು. ಭಟ್ಕಳದ ಮಲ್ಲಿಗೆಯನ್ನು ಮಾರುವವನ ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ: ಬಿಡಿ ಹೂವಿಗೆ ತೆರಿಗೆಯಿಲ್ಲ, ಅಳಿಯನು ಕಳುಹಿಸಿದ ಹಣವೂ ವ್ಯಾಪಾರವಲ್ಲ. ಆದರೆ ಯಂತ್ರದ ಪಟ್ಟಿಯಲ್ಲಿ ಇವೆಲ್ಲವೂ ಒಂದೇ ಬಣ್ಣದ ಜಮೆಗಳು. ಓದುವ ಅಧಿಕಾರಿಗೆ ಬೇರೆ ಅರ್ಥ ಹೊಳೆಯದಿದ್ದರೆ ಆಶ್ಚರ್ಯವೇನು? ಸಾಕ್ಷ್ಯ ಹೇಳಬೇಕಾದ ಕಿರುವಾಕ್ಯವೇ ಅಲ್ಲಿಲ್ಲ.

ನೋಂದಾಯಿತ ವ್ಯಾಪಾರಿಯ ಸ್ಥಿತಿಯೂ ಉತ್ತಮವೆನ್ನಲಾರೆ. ಮಾತುಕತೆ ಕೊಂಕಣಿ, ನವಾಯತಿ, ಕನ್ನಡಗಳಲ್ಲಿ. ಅದೂ ಬರೆಯುವ ಶ್ರಮ ತಪ್ಪಿಸಲು ಅನೇಕ ವೇಳೆ ಧ್ವನಿಸಂದೇಶ. ಬಿಲ್ಲು ಮಾತ್ರ ಸಾಮಾನ್ಯವಾಗಿ ಇಂಗ್ಲಿಷು. ತನ್ನ ಲೆಕ್ಕವನ್ನು ತಾನೇ ಓದಲಾರದೆ ಕರಸಲಹೆಗಾರನ ಕೈಗೆ ಒಪ್ಪಿಸುವವನು ತಂತ್ರಜ್ಞಾನವನ್ನು ಬಳಸುತ್ತಿರುವನೆಂದು ಹೇಳುವುದಕ್ಕೆ ನನ್ನ ಮನಸ್ಸು ಒಪ್ಪದು. ಲೆಕ್ಕದ ತಂತ್ರಾಂಶಗಳನ್ನು ರಚಿಸುವವರು ಜಮೆಯ ಎದುರಿಗೆ, ಪಡೆದವನೇ ತನ್ನ ನುಡಿಯಲ್ಲಿ ತುಂಬತಕ್ಕ ಬಾಬ್ತಿನ ಅಂಕಣವೊಂದನ್ನು ಕಡ್ಡಾಯವಾಗಿ ಇಡಬೇಕು. ಆ ಅಂಕಣಕ್ಕೆ ಬೇಕಾದ ಪದಗಳು ಹಳೆಯ ಕೀರ್ದಿಗಳಲ್ಲಿ ಸಿದ್ಧವಾಗಿಯೇ ಇವೆ. ಕರಾವಳಿಯ ಕಾಲೇಜುಗಳ ಕನ್ನಡ ಅಧ್ಯಾಪಕರು ಅವುಗಳನ್ನು ಗೆದ್ದಲಿಗೆ ಬಿಡದೆ ಸಂಗ್ರಹಿಸುವುದು ಅವಶ್ಯ.