ಮಾಡೆಲ್ ಮುಂದೆ ಕೂತವರು ಯಾರು?

ಚಳಿಗಾಲ ಮುಗಿಯುವ ಹೊತ್ತಿಗೆ ಬೇ ಏರಿಯಾದ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಎರಡೇ ವಿಷಯ. ಊರಿಗೆ ಹೋಗೋ ಟಿಕೆಟ್ ಎಷ್ಟಾಗಿದೆ, ಮತ್ತು ಹೈಸ್ಕೂಲಲ್ಲಿರೋ ಮಕ್ಕಳನ್ನು ಈ ಬೇಸಿಗೆಗೆ ಯಾವ ಪ್ರೋಗ್ರಾಂಗೆ ಹಾಕೋದು. ಕೋಡಿಂಗ್, ರೊಬಾಟಿಕ್ಸ್, ಡಿಬೇಟ್ ಎಲ್ಲ ಹಳೇದಾಯ್ತು. ಈಗ ಪಟ್ಟಿಗೆ ಆರ್ಕಿಟೆಕ್ಚರ್ ಕೂಡ ಸೇರಿದೆ. ಅದರಲ್ಲಿ ಮತ್ತೆ ಮತ್ತೆ ಕೇಳಿಬರೋ ಹೆಸರು 'ಎಂಬಾರ್ಕ್'. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಕಾಲೇಜ್ ಆಫ್ ಎನ್ವಿರಾನ್‌ಮೆಂಟಲ್ ಡಿಸೈನ್, ಹೈಸ್ಕೂಲ್ ಮಕ್ಕಳಿಗೆಂದೇ ನಡೆಸುವ ಆರ್ಕಿಟೆಕ್ಚರ್ ಮತ್ತು ನಗರ ವಿನ್ಯಾಸದ ಶಿಬಿರ ಇದು. ನಾಲ್ಕು ವಾರ. ಫೀಸು ಸಾವಿರಗಳ ಲೆಕ್ಕದಲ್ಲಿ, ಅದೂ ಡಾಲರ್ರಲ್ಲಿ.

'ಅಷ್ಟು ದುಡ್ಡಿಗೆ ಅದು ತೂಗುತ್ತಾ?' ಅನ್ನೋದು ಗುಂಪಿನ ಪ್ರಶ್ನೆ. ನಾನು ಸಾಫ್ಟ್‌ವೇರ್‌ನವನು. ಆದರೆ ಆರ್ಕಿಟೆಕ್ಟ್ ಒಬ್ಬಳನ್ನು ಮದುವೆಯಾಗಿ, ಅವಳ ಗೆಳೆಯರ ಸ್ಟುಡಿಯೋಗಳಲ್ಲಿ ಗೋಡೆಗೆ ಒರಗಿ ನಿಂತು, ವಿದ್ಯಾರ್ಥಿಗಳ ಕೆಲಸ ನೋಡುತ್ತಾ ಸಾಕಷ್ಟು ಸಂಜೆ ಕಳೆದಿದ್ದೇನೆ. ಮೂಗು ತೂರಿಸೋಕೆ ಅಷ್ಟು ಹಕ್ಕು ಸಾಕು ಅಂದುಕೊಂಡಿದ್ದೇನೆ. ಫೀಸಿಗೆ ತೂಗುತ್ತಾ ಅನ್ನೋದನ್ನ ಆಯಾ ಮನೆಯವರೇ ಲೆಕ್ಕ ಹಾಕಿಕೊಳ್ಳಲಿ. ನನಗಿರೋ ಪ್ರಶ್ನೆ ಬೇರೆ. ಹದಿನಾರು ವರ್ಷದ ಮಗುವಿಗೆ ಊರು ಕಟ್ಟೋದನ್ನ ಹೇಳಿಕೊಡ್ತೀವಿ ಅಂತ ಹೊರಟವರು, ಆ ಮಗು ಕಟ್ಟಿದ್ದನ್ನ ಯಾರಿಗೆ ತೋರಿಸ್ತಾರೆ?

ಮೊದಲು ಒಳ್ಳೆಯ ಮಾತು ಹೇಳಿಬಿಡ್ತೀನಿ, ಯಾಕಂದ್ರೆ ಅದು ನಿಜಕ್ಕೂ ಇದೆ. ಇಂಥ ಶಿಬಿರದ ಜೀವ ಇರೋದು ಸ್ಟುಡಿಯೋದಲ್ಲಿ. ಕಟಿಂಗ್ ಮ್ಯಾಟ್, ಚೂಪಾದ ಚಾಕು, ಸ್ಕೇಲ್ ಪಟ್ಟಿ, ದಪ್ಪ ರಟ್ಟು, ಬೆರಳಿಗೆ ಅಂಟಿದ ಗೋಂದು. ಇಡೀ ವರ್ಷ ಸ್ಕ್ರೀನ್ ನೋಡಿದ ಕಣ್ಣಿಗೆ ಒಂದು ಇಂಚು ಅಂದ್ರೆ ಎಂಟು ಅಡಿ ಅಂತ ಅರ್ಥವಾಗೋ ಗಳಿಗೆ ಇದೆಯಲ್ಲ, ಅದು ದೊಡ್ಡದು. ಮೆಟ್ಟಿಲು ಎಷ್ಟು ಎತ್ತರ ಇದ್ದರೆ ಅಜ್ಜಿ ಹತ್ತಬಹುದು, ಕಿಟಕಿ ಎಲ್ಲಿದ್ದರೆ ಮಧ್ಯಾಹ್ನದ ಬಿಸಿಲು ಒಳಗೆ ಬರಲ್ಲ ಅನ್ನೋದೆಲ್ಲ ಕೈಯಿಂದ ತಲೆಗೆ ಹತ್ತುತ್ತೆ. ನಮ್ಮಲ್ಲಿ ಆರ್ಕಿಟೆಕ್ಚರ್ ಸೇರೋ ಮಗು ನಾಟಾ ಪರೀಕ್ಷೆಗೆ ಕೋಚಿಂಗ್ ಹೋಗಿ, ಪರ್‌ಸ್ಪೆಕ್ಟಿವ್ ಬರೆಯೋ ಟ್ರಿಕ್ ಕಲಿತು, ಐದು ವರ್ಷದ ಬಿ.ಆರ್ಕ್ ಒಳಗೆ ಬಂದಮೇಲೆ ಗೊತ್ತಾಗೋ ಸಂಗತಿ ಇಲ್ಲಿ ಮೊದಲ ವಾರದಲ್ಲೇ ಗೊತ್ತಾಗುತ್ತೆ. ಇದು ತನಗೆ ಒಗ್ಗುವ ಕೆಲಸವೋ ಅಲ್ಲವೋ ಅಂತ ತಿಳಿಯೋದೇ ದೊಡ್ಡ ಲಾಭ.

ಎರಡನೇ ಒಳ್ಳೇದು ರಿವ್ಯೂ. ನಮ್ಮ ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ಇದನ್ನ 'ಜ್ಯೂರಿ' ಅಂತಾರೆ. ಗೋಡೆಗೆ ಡ್ರಾಯಿಂಗ್ ಅಂಟಿಸಿ, ಮೇಜಿನ ಮೇಲೆ ಮಾಡೆಲ್ ಇಟ್ಟು, ನಾಲ್ಕು ಜನ ಗೊತ್ತಿದ್ದವರ ಮುಂದೆ ನಿಂತು ತನ್ನ ಯೋಚನೆಯನ್ನ ಸಮರ್ಥಿಸಿಕೊಳ್ಳಬೇಕು. 'ನಿಮ್ಮ ಕೋಡ್ ರಿವ್ಯೂ ಥರಾನೇ ಕಣೋ, ಆದರೆ ನಿಮ್ಮಲ್ಲಿ ಯಾರೂ ಅಳಲ್ಲ' ಅಂತಾಳೆ ನನ್ನ ಹೆಂಡತಿ. ಮಾರ್ಕ್ಸ್ ಕಾರ್ಡಿನಲ್ಲೇ ಬೆಳೆದ ನಮಗೆ, ನಮ್ಮ ಕೆಲಸವನ್ನ ನಾಲ್ಕು ಜನರ ಮುಂದೆ ಬಿಡಿಸಿ ನೋಡಿದರೆ ಅದು ಅವಮಾನವಲ್ಲ ಅಂತ ಗೊತ್ತಾಗೋಕೆ ಮೊದಲ ಕೆಲಸದವರೆಗೂ ಕಾಯಬೇಕಾಯ್ತು. ಅದನ್ನ ಹದಿನಾರಕ್ಕೇ ಕಲಿಸಿದರೆ ನನ್ನದೇನೂ ತಕರಾರಿಲ್ಲ.

ತಕರಾರು ಶುರುವಾಗೋದು ಆ ನಾಲ್ಕು ಜನ ಯಾರು ಅನ್ನೋದರಿಂದ. ಸ್ಟುಡಿಯೋ ಅನ್ನೋ ಪದ್ಧತಿಯಲ್ಲೇ ಆರ್ಕಿಟೆಕ್ಟ್ ಆಗಬೇಕೆಂದಿರೋ ಮಗುವಿನ ಕೆಲಸವನ್ನ ಆರ್ಕಿಟೆಕ್ಟ್‌ಗಳು ನೋಡ್ತಾರೆ. ಒಂದು ಕಟ್ಟಡದ ಮಟ್ಟಿಗೆ ಅದು ಸರಿ. ಆದರೆ ಹೆಸರಲ್ಲಿ 'ನಗರ ವಿನ್ಯಾಸ' ಅಂತ ಸೇರಿಸಿಕೊಂಡ ಕೂಡಲೇ ಲೆಕ್ಕ ಬದಲಾಗುತ್ತೆ. ಚೌಕ, ಬಸ್ ಸ್ಟಾಪು, ಫುಟ್‌ಪಾತು ಒಬ್ಬರ ಸೊತ್ತಲ್ಲ. ಆರ್ಕಿಟೆಕ್ಚರ್ ಮಾಡೆಲ್ ನೋಡಿದ್ದೀರಲ್ಲ, ಅದರಲ್ಲಿ ರಟ್ಟಿನಿಂದ ಕತ್ತರಿಸಿದ ಪುಟ್ಟ ಮನುಷ್ಯರನ್ನ ನಿಲ್ಲಿಸಿರ್ತಾರೆ. ಕಟ್ಟಡ ಎಷ್ಟು ದೊಡ್ಡದು ಅಂತ ತೋರಿಸೋದಷ್ಟೇ ಅವರ ಕೆಲಸ. ಅವರು ಬಾಡಿಗೆ ಕಟ್ಟಲ್ಲ, ಬಸ್ ತಪ್ಪಿಸಿಕೊಳ್ಳಲ್ಲ, 'ಈ ಬೆಂಚು ನಮಗೆ ಬೇಡ' ಅನ್ನಲ್ಲ. ಅಷ್ಟು ವಿಧೇಯ ಪ್ರಜೆಗಳ ಮೇಲೆ ನಾಲ್ಕು ವಾರ ಅಭ್ಯಾಸ ಮಾಡಿದ ಮಗು ಡ್ರಾಯಿಂಗ್ ಚೆನ್ನಾಗಿ ಕಲಿಯುತ್ತೆ. ಊರನ್ನ ಕಲಿಯುತ್ತೆ ಅನ್ನೋಕೆ ನನಗೆ ಧೈರ್ಯ ಇಲ್ಲ.

ಬರ್ಕ್ಲಿಯಲ್ಲಿ ಇದು ಇನ್ನಷ್ಟು ಎದ್ದು ಕಾಣುತ್ತೆ, ಯಾಕಂದ್ರೆ ಪಾಠ ಬಾಗಿಲಲ್ಲೇ ಇದೆ. ಕಾಲೇಜು ಇರೋದು ಬಾವರ್ ವರ್ಸ್ಟರ್ ಹಾಲ್‌ನಲ್ಲಿ. 1964ರ ಬರಿಗಾಂಕ್ರೀಟಿನ ಕಟ್ಟಡ, ಹತ್ತು ಮಹಡಿಯ ಗೋಪುರ, ಕಿಟಕಿಗಳ ಮುಂದೆ ಕಾಂಕ್ರೀಟಿನದೇ ಬಿಸಿಲುತಡೆ. ಬಹುಕಾಲ ಜನ ಇದನ್ನ ಬರೀ 'ವರ್ಸ್ಟರ್ ಹಾಲ್' ಅಂತಿದ್ದರು. ಈಗ ಕ್ಯಾಥರೀನ್ ಬಾವರ್ ಹೆಸರೂ ಸೇರಿದೆ. ಆಕೆ 1934ರಲ್ಲಿ 'ಮಾಡರ್ನ್ ಹೌಸಿಂಗ್' ಬರೆದವರು, ಅಮೆರಿಕದ 1937ರ ವಸತಿ ಕಾಯ್ದೆಗಾಗಿ ದುಡಿದವರು. ಮನೆ ಹೇಗೆ ಕಾಣುತ್ತೆ ಅನ್ನೋದಕ್ಕಿಂತ ಮನೆ ಯಾರಿಗೆ ಸಿಗುತ್ತೆ ಅನ್ನೋದು ಆಕೆಯ ಚಿಂತೆ.

ಆ ಬಾಗಿಲಿಂದ ಹೊರಟು ಸ್ವಲ್ಪ ನಡೆದರೆ ಪೀಪಲ್ಸ್ ಪಾರ್ಕ್. ವಿಶ್ವವಿದ್ಯಾಲಯದ ಆ ಜಾಗವನ್ನ 1969ರಲ್ಲಿ ಜನ ತಾವೇ ಪಾರ್ಕ್ ಮಾಡಿಕೊಂಡರು. ಅದನ್ನ ವಾಪಸ್ ಪಡೆಯೋಕೆ ನಡೆದ ಗಲಾಟೆಯಲ್ಲಿ ಗುಂಡೇಟಿಗೆ ಒಬ್ಬ ಸತ್ತ. ಅಲ್ಲಿ ವಿದ್ಯಾರ್ಥಿಗಳಿಗೆ ಮನೆ ಕಟ್ಟಬೇಕಾ ಬೇಡವಾ ಅನ್ನೋ ಜಗಳ ದಶಕಗಳ ನಂತರವೂ ಮುಗಿಯದೆ, 2024ರ ಜನವರಿಯಲ್ಲಿ ವಿಶ್ವವಿದ್ಯಾಲಯ ಸುತ್ತಲೂ ಶಿಪ್ಪಿಂಗ್ ಕಂಟೇನರ್‌ಗಳ ಗೋಡೆ ಕಟ್ಟಿತು. ಕಾಲೇಜ್ ಅವೆನ್ಯೂನಲ್ಲಿ ದಕ್ಷಿಣಕ್ಕೆ ನಡೆದರೆ ಎಲ್ಮ್‌ವುಡ್. 'ಇಲ್ಲಿ ಒಂದು ಸೈಟಿಗೆ ಒಂದೇ ಕುಟುಂಬದ ಮನೆ' ಅನ್ನೋ ವಲಯ ನಿಯಮವನ್ನ 1916ರಲ್ಲಿ ತಂದ ಬಡಾವಣೆ. ಇಂಥ ನಿಯಮ ತಂದ ಅಮೆರಿಕದ ಮೊದಲ ಊರುಗಳಲ್ಲಿ ಬರ್ಕ್ಲಿಯೂ ಒಂದು. ಯಾರು ನೆರೆಯವರಾಗಬಾರದು ಅನ್ನೋದನ್ನ ನಯವಾಗಿ ಹೇಳೋ ವಿಧಾನ ಅದು. ಅದನ್ನ ಬಿಡೋಣ ಅಂತ ನಗರ ಕೌನ್ಸಿಲ್ ನಿರ್ಣಯ ಮಾಡಿದ್ದು 2021ರಲ್ಲಿ. ಇಷ್ಟೆಲ್ಲ ಕಾಲ್ನಡಿಗೆಯ ದೂರದಲ್ಲಿರುವಾಗ ನಗರ ವಿನ್ಯಾಸದ ಸ್ಟುಡಿಯೋಗೆ ಬೇರೆ ಸೈಟು ಬೇಕಾ?

ನ್ಯಾಯವಾಗಿ ಹೇಳಬೇಕು. ಎಂಬಾರ್ಕ್‌ನವರು ಸ್ಟುಡಿಯೋ ಜೊತೆಗೆ ನಗರ ಯೋಜನೆಯ ಕಮ್ಮಟವನ್ನೂ, 'ಕಮ್ಯುನಿಟಿ ಬಿಲ್ಡ್' ಅನ್ನೋ ಭಾಗವನ್ನೂ ಇಟ್ಟಿದ್ದಾರೆ. ಮಕ್ಕಳು ನಿಜವಾದ ಜಾಗಕ್ಕೆ ನಿಜವಾದ ವಸ್ತು ಕಟ್ಟಬೇಕು. ನನ್ನ ಮಟ್ಟಿಗೆ ಇಡೀ ಶಿಬಿರದ ಅತ್ಯುತ್ತಮ ಭಾಗ ಅದೇ. ರಟ್ಟಿನ ಮನುಷ್ಯ ಕೂರದ ಬೆಂಚಿನ ಮೇಲೆ ನಿಜವಾದ ಮನುಷ್ಯ ಕೂತಾಗ ಅದು ಅಲ್ಲಾಡಿದರೆ, ಯಾವ ಜ್ಯೂರಿಯೂ ಹೇಳದ ವಿಮರ್ಶೆ ಸಿಗುತ್ತೆ. ಆದರೆ ಮನೆಗೆ ತಗೊಂಡು ಹೋಗೋದು ಪೋರ್ಟ್‌ಫೋಲಿಯೋ, ಕಾಲೇಜ್ ಅರ್ಜಿಗೆ ಲಗತ್ತಿಸೋದೂ ಅದನ್ನೇ. ವಾಟ್ಸಾಪ್ ಗುಂಪಿನಲ್ಲಿ ಯಾರೂ ಬೆಂಚಿನ ಬಗ್ಗೆ ಕೇಳಿದ್ದನ್ನ ನಾನಂತೂ ನೋಡಿಲ್ಲ.

ತಮಾಷೆ ಏನಂದ್ರೆ, ಇದೇ ಕ್ಯಾಂಪಸ್ಸಿನಿಂದ ಇನ್ನೊಂದು ದಾರಿಯೂ ಹೊರಟಿದೆ. ಹೆಸರು 'ವೈ-ಪ್ಲಾನ್'. ಅಲ್ಲಿನ ಸಂಶೋಧಕಿ ಡೆಬೊರಾ ಮೆಕಾಯ್ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಶುರುಮಾಡಿದ್ದು. ಇದು ಬೇಸಿಗೆ ಶಿಬಿರವಲ್ಲ. ಸುತ್ತಲಿನ ಸರ್ಕಾರಿ ಹೈಸ್ಕೂಲುಗಳ ತರಗತಿಯೊಳಗೇ ನಡೆಯುತ್ತೆ. ನಗರಸಭೆಯೋ ವಸತಿ ಸಂಸ್ಥೆಯೋ ಒಂದು ನಿಜವಾದ ಪ್ರಶ್ನೆ ತರಬೇಕು, ಮಕ್ಕಳು ಅದರ ಮೇಲೆ ಕೆಲಸ ಮಾಡಬೇಕು, ಕೊನೆಗೆ ಆ ಪ್ರಶ್ನೆ ತಂದವರ ಮುಂದೆಯೇ ಉತ್ತರ ಮಂಡಿಸಬೇಕು. ವೆಸ್ಟ್ ಓಕ್‌ಲ್ಯಾಂಡಿನ ಮಕ್ಲೈಮಂಡ್ಸ್ ಹೈಸ್ಕೂಲಿನ ಮಕ್ಕಳು ಹೀಗೆ 16ನೇ ಬೀದಿಯ ರೈಲು ನಿಲ್ದಾಣದ ಬಗ್ಗೆ ಕೆಲಸ ಮಾಡಿದ್ದರು. 1912ರ ಭವ್ಯ ಕಟ್ಟಡ ಅದು. 1989ರ ಭೂಕಂಪದಲ್ಲಿ ಪೆಟ್ಟು ತಿಂದು ಬಾಗಿಲು ಹಾಕಿತ್ತು. ಸುತ್ತಲೂ ಹೊಸ ಮನೆಗಳು ಏಳುತ್ತಿದ್ದ ಕಾಲಕ್ಕೆ, ಹಳೇ ನಿಲ್ದಾಣ ತಮ್ಮಂಥವರಿಗೆ ಏನಾಗಬೇಕು ಅಂತ ಅಲ್ಲೇ ಬೆಳೆದ ಮಕ್ಕಳು ಹೇಳಿದರು.

ಹಾಗಾದರೆ ಎಂಬಾರ್ಕ್ ಕೆಟ್ಟದ್ದು, ವೈ-ಪ್ಲಾನ್ ಒಳ್ಳೇದು ಅಂತ ಮುಗಿಸಿಬಿಡಬಹುದಿತ್ತು. ಅಷ್ಟು ಸಲೀಸಿಲ್ಲ. ಆ ನಿಲ್ದಾಣ ಇವತ್ತಿಗೂ ಪೂರ್ತಿ ದುರಸ್ತಿ ಕಂಡಿಲ್ಲ. ಮಕ್ಕಳು ಮಾತಾಡಿದ್ದಾರೆ, ದೊಡ್ಡವರು ಕೇಳಿಸಿಕೊಂಡಿದ್ದಾರೆ, ಕಟ್ಟಡ ಮಾತ್ರ ಹಾಗೇ ನಿಂತಿದೆ. ಕೇಳಿಸಿಕೊಳ್ಳೋದಕ್ಕೂ ಮಾಡೋದಕ್ಕೂ ನಡುವೆ ದುಡ್ಡು, ಮಾಲೀಕತ್ವ, ಚುನಾವಣೆ ಎಲ್ಲ ಇದೆ.

ಈ ಕಷ್ಟದ ಅತ್ಯಂತ ಸ್ಪಷ್ಟ ಉದಾಹರಣೆ ನಮ್ಮ ಬೆಂಗಳೂರಿನದೇ. ಎಷ್ಟು ಜನ ಬೆಂಗಳೂರಿಗರಿಗೆ ಇದು ಗೊತ್ತೋ ತಿಳಿಯದು. ಮಕ್ಕಳು ತಮ್ಮ ಊರನ್ನ ಹೇಗೆ ನೋಡ್ತಾರೆ ಅಂತ ಕೆವಿನ್ ಲಿಂಚ್ 1970ರ ದಶಕದಲ್ಲಿ ಯುನೆಸ್ಕೋ ಆಶ್ರಯದಲ್ಲಿ ಒಂದು ಅಧ್ಯಯನ ಮಾಡಿಸಿದರು. 1977ರಲ್ಲಿ ಅದು 'ಗ್ರೋಯಿಂಗ್ ಅಪ್ ಇನ್ ಸಿಟೀಸ್' ಅನ್ನೋ ಪುಸ್ತಕವಾಯ್ತು. 1990ರ ದಶಕದಲ್ಲಿ ಲೂಯಿಸ್ ಚಾವ್ಲಾ ಅದನ್ನ ಮತ್ತೆ ಕೈಗೆತ್ತಿಕೊಂಡಾಗ ಆಯ್ದ ಊರುಗಳಲ್ಲಿ ಓಕ್‌ಲ್ಯಾಂಡೂ ಇತ್ತು, ಬೆಂಗಳೂರೂ ಇತ್ತು. ಬೆಂಗಳೂರಲ್ಲಿ ಆರಿಸಿದ್ದು ಸತ್ಯನಗರ. ಜನ ತಾವೇ ಕಟ್ಟಿಕೊಂಡ, ಮೂಲಸೌಕರ್ಯ ಕಮ್ಮಿಯಿದ್ದ ಬಡಾವಣೆ. 10ರಿಂದ 14 ವರ್ಷದ ಹುಡುಗ ಹುಡುಗಿಯರು ಚಿತ್ರ ಬರೆದರು, ಸಂಶೋಧಕರನ್ನ ಬೀದಿ ಬೀದಿ ಸುತ್ತಿಸಿದರು, ಏನು ಚೆನ್ನಾಗಿದೆ, ಏನು ಮೊದಲು ಆಗಬೇಕು ಅಂತ ಪಟ್ಟಿ ಮಾಡಿದರು. ಆಶ್ಚರ್ಯ ಏನಂದ್ರೆ, ಮೆಲ್ಬರ್ನ್‌ನ ಮಕ್ಕಳಿಗೆ ತಮ್ಮ ಉಪನಗರ ಬೋರು. ಸತ್ಯನಗರದ ಮಕ್ಕಳಿಗೆ ತಮ್ಮ ಜಾಗದ ಮೇಲೆ ಪ್ರೀತಿ. ಗೆಳೆಯರು, ಹಬ್ಬ, ಸದಾ ಜನ ಓಡಾಡೋ ಬೀದಿ. ಪ್ರೀತಿಯಿದೆ ಅಂತ ಕೊರತೆಗಳನ್ನೇನೂ ಅವರು ಮುಚ್ಚಿಡಲಿಲ್ಲ.

ಆಮೇಲೆ? ಡೇವಿಡ್ ಡ್ರಿಸ್ಕೆಲ್, ಕಾಂಚನ್ ಬ್ಯಾನರ್ಜಿ ಮತ್ತು ಚಾವ್ಲಾ 2001ರಲ್ಲಿ ಬರೆದ ಲೇಖನವೊಂದು ಅದನ್ನ ಹೇಳುತ್ತೆ. ಮಕ್ಕಳು ತಮ್ಮ ಕೆಲಸ ಸರಿಯಾಗೇ ಮಾಡಿದ್ದರು. ಅಡ್ಡಿ ಬಂದದ್ದು ದೊಡ್ಡವರ ಸಂಸ್ಥೆಗಳಿಂದ. ಮಕ್ಕಳ ಭಾಗವಹಿಸುವಿಕೆ ಅಂತ ಬಾಯಲ್ಲಿ ಹೇಳೋದು ಒಂದು, ಆ ಪಟ್ಟಿ ಹಿಡಿದು ಕೆಲಸ ಮಾಡೋದು ಇನ್ನೊಂದು.

ನನ್ನ ಮಾತು ಇಷ್ಟೇ. ಇಂಥ ಶಿಬಿರಗಳನ್ನ ಅಳೆಯುವಾಗ ನಾವು ಮಕ್ಕಳನ್ನ ಮಾತ್ರ ಅಳೀತೀವಿ. ಮಾಡೆಲ್ ನೀಟಾಗಿದೆಯಾ, ಪ್ರೆಸೆಂಟೇಷನ್ ಚೆನ್ನಾಗಿ ಮಾಡಿದಳಾ, ಅಡ್ಮಿಷನ್ ಸಿಕ್ಕಿತಾ ಅಂತ. ಅಳೆಯಬೇಕಾದ್ದು ಮೇಜಿನ ಆಚೆ ಕೂತವರನ್ನ. ಅವರಲ್ಲಿ ಆ ಜಾಗದಲ್ಲಿ ಬದುಕೋರು ಒಬ್ಬರಾದರೂ ಇದ್ದಾರಾ? ಅದನ್ನ ಬದಲಿಸೋ ಅಧಿಕಾರ ಇರೋರು ಒಬ್ಬರಾದರೂ ಇದ್ದಾರಾ? ಒಂದು ವರ್ಷ ಬಿಟ್ಟು ಬಂದು 'ಏನಾಯ್ತು?' ಅಂತ ಮಗು ಕೇಳಬಹುದಾ? ಮೂರಕ್ಕೂ ಇಲ್ಲ ಅಂತಾದರೆ ಅದು ಒಳ್ಳೇ ಡ್ರಾಯಿಂಗ್ ಕ್ಲಾಸು. ಡ್ರಾಯಿಂಗ್ ಕ್ಲಾಸಿಗೂ ಬೆಲೆ ಇದೆ, ಆದರೆ ಅದನ್ನ ನಗರ ವಿನ್ಯಾಸ ಅಂತ ಕರೆಯೋದು ಬೇಡ.

'ಪಾಪ ಮಕ್ಕಳು, ಅಷ್ಟು ಭಾರ ಯಾಕೆ ಹೊರಿಸ್ತೀಯ, ರಜೆ ಅಲ್ವಾ' ಅಂತ ಗೆಳೆಯನೊಬ್ಬ ಅಂದ. ಅವನ ಮಾತಿನಲ್ಲಿ ಹುರುಳಿದೆ. ಕನಸಿನ ಕಟ್ಟಡ ಬರೆಯೋಕೆ ಯಾರ ಅನುಮತಿಯೂ ಬೇಕಿಲ್ಲದ ವಯಸ್ಸು ಅದೊಂದೇ. ಎರಡು ವಾರ ಹಾಗೇ ಬರೆಯಲಿ. ಮಿಕ್ಕ ಎರಡು ವಾರ ಆ ಕನಸಿಗೆ ಯಾರಾದರೂ 'ಬೇಡ' ಅನ್ನಲಿ. ಆ 'ಬೇಡ'ಕ್ಕೆ ಕಾರಣ ಕೇಳಿ, ಡ್ರಾಯಿಂಗ್ ತಿದ್ದಿ, ಮತ್ತೆ ಅವರ ಮುಂದೆ ನಿಲ್ಲೋದರಲ್ಲೇ ಈ ವೃತ್ತಿಯ ಅರ್ಧ ಇದೆ ಅಂತ ನಮ್ಮನೆ ಆರ್ಕಿಟೆಕ್ಟ್ ಕೂಡ ಒಪ್ತಾಳೆ.

ಇದು ಆಗದ ಮಾತು ಅನ್ನೋರಿಗೆ ಕರ್ನಾಟಕದ ಹಳ್ಳಿಗಳನ್ನ ತೋರಿಸಬಹುದು. ಕುಂದಾಪುರದ ಕಡೆ 1990ರ ದಶಕದಲ್ಲೇ ಮಕ್ಕಳ ಪಂಚಾಯತ್‌ಗಳು ನಡೆದವು. ಈಗ ರಾಜ್ಯದ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ಸರ್ಕಾರದ ಆದೇಶವೇ ಇದೆ. ಕೆಲವು ಕಡೆ ಕಾಟಾಚಾರಕ್ಕೆ ಮುಗಿಯುತ್ತೆ, ನಿಜ. ಆದರೆ ಚೆನ್ನಾಗಿ ನಡೆದ ಕಡೆ ಅಧ್ಯಕ್ಷರು, ಪಿಡಿಓ ಎದುರು ಕೂತಿರ್ತಾರೆ. ಏಳನೇ ಕ್ಲಾಸಿನ ಹುಡುಗಿ ಎದ್ದು ನಿಂತು ಶಾಲೆ ದಾರಿಯ ಕಾಲುಸಂಕದ ಬಗ್ಗೆ ಕೇಳಬಹುದು, ಮುಂದಿನ ವರ್ಷ ಮತ್ತೆ ಅದನ್ನೇ ಕೇಳಬಹುದು. ಪೋರ್ಟ್‌ಫೋಲಿಯೋ ಇಲ್ಲ, ಫೀಸಿಲ್ಲ.

ಬೆಂಗಳೂರಿನ ಮಕ್ಕಳಿಗೆ ಅಂಥ ಸಭೆ ಇಲ್ಲ. ದೊಡ್ಡವರಿಗೇ ಎಲ್ಲಿತ್ತು? 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಕೌನ್ಸಿಲ್‌ನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಬೇಸಿಗೆ ಬಂದರೆ 'ಡಿಸೈನ್ ಯುವರ್ ಸಿಟಿ' ಥರದ ಶಿಬಿರಗಳಿಗೆ ಮಾತ್ರ ನಮ್ಮಲ್ಲೂ ಬರವಿಲ್ಲ. ನಿಮ್ಮ ಅಪಾರ್ಟ್‌ಮೆಂಟ್ ಗುಂಪಿಗೆ ಅಂಥದ್ದೊಂದು ಪೋಸ್ಟರ್ ಬಂದರೆ ಫೀಸು ಕೇಳೋ ಮುಂಚೆ ಇದನ್ನ ಕೇಳಿ: ಕೊನೇ ದಿನ ಮಕ್ಕಳ ಮುಂದೆ ಕೂರೋರಲ್ಲಿ ವಾರ್ಡ್ ಇಂಜಿನಿಯರ್ ಇರ್ತಾರಾ?