ಗ್ಯಾಡೊಲಿನಿಯಂ ಸರಿ, ಅದನ್ನು ಹಿಡಿದಿರುವುದು ಯಾವುದು?

ಎಂಆರ್‌ಐ ಸ್ಕ್ಯಾನಿನ ಮಧ್ಯೆ ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ನನ್ನು ಎಲ್ಲರೂ ‘ಡೈ’ ಅನ್ನುತ್ತಾರೆ. ಅದರಲ್ಲಿ ಬಣ್ಣವಿಲ್ಲ. ಸಿಟಿ ಸ್ಕ್ಯಾನಿಗೆ ಕೊಡುವ ಅಯೋಡಿನ್ ಎಕ್ಸ್-ರೇಯನ್ನು ತಾನೇ ತಡೆದು ಬೆಳ್ಳಗೆ ಕಾಣುತ್ತದೆ. ಎಂಆರ್‌ಐಗೆ ಕೊಡುವ ಗ್ಯಾಡೊಲಿನಿಯಂ ಚಿತ್ರದಲ್ಲಿ ಕಾಣುವುದೇ ಇಲ್ಲ. ಕಾಣುವುದು ಅದರ ಪಕ್ಕದಲ್ಲಿ ಹಾದುಹೋದ ನೀರು. ರೇಡಿಯೋ ಅಲೆಯ ಒಂದು ಹೊಡೆತ ತಿಂದ ಹೈಡ್ರೋಜನ್ ನ್ಯೂಕ್ಲಿಯಸ್ಸುಗಳು ಮತ್ತೆ ಸಂಕೇತ ಕೊಡಲು ಸುಧಾರಿಸಿಕೊಳ್ಳಬೇಕು. ಗ್ಯಾಡೊಲಿನಿಯಂ ಅಯಾನಿನಲ್ಲಿ ಜೊತೆಯಿಲ್ಲದ ಎಲೆಕ್ಟ್ರಾನುಗಳು 7. ಅವುಗಳ ಕಾಂತತೆ ತಾಗಿದರೆ ಸಾಕು, ಆ ಸುಧಾರಿಕೆ ಬೇಗ ಮುಗಿಯುತ್ತದೆ. ಆ ಜಾಗ ಚಿತ್ರದಲ್ಲಿ ಬೆಳಗುತ್ತದೆ. ಈ ಗುಟ್ಟು 1946ರಲ್ಲೇ ಭೌತವಿಜ್ಞಾನಿ ಫೆಲಿಕ್ಸ್ ಬ್ಲಾಕ್‌ಗೆ ಗೊತ್ತಿತ್ತು. ನೀರಿಗೆ ಕಬ್ಬಿಣದ ನೈಟ್ರೇಟ್ ಬೆರೆಸಿ ಅವರು ಇದೇ ಕೆಲಸ ಮಾಡಿಸಿದ್ದರು.

ಕಬ್ಬಿಣದ ಬದಲು ಗ್ಯಾಡೊಲಿನಿಯಂ ಎಂದದ್ದರಲ್ಲಿ ಅಂಥ ಜಾಣತನವೇನಿಲ್ಲ, ಎಲೆಕ್ಟ್ರಾನ್ ಎಣಿಸಿದವರಿಗೆ ಹೊಳೆಯುವ ಮಾತು. ಕಷ್ಟ ಇದ್ದದ್ದು ಬೇರೆ ಕಡೆ. ಬಿಡಿ ಗ್ಯಾಡೊಲಿನಿಯಂ ವಿಷ. ಗಾತ್ರದಲ್ಲಿ ಕ್ಯಾಲ್ಸಿಯಂ ಅಯಾನಿಗೆ ಹತ್ತಿರ ಇರುವುದರಿಂದ ಕ್ಯಾಲ್ಸಿಯಂನ ಜಾಗಗಳಿಗೆ ಹೋಗಿ ಕೂರುತ್ತದೆ. ಅದನ್ನು ಬಿಗಿಯಾಗಿ ಹಿಡಿಯಬೇಕು, ಆದರೆ ನೀರಿಗೆ ಬಾಗಿಲು ತೆರೆದಿರಬೇಕು. ಜರ್ಮನಿಯ ಶೇರಿಂಗ್ ಕಂಪನಿಯಲ್ಲಿ ವೈನ್‌ಮನ್ ಮತ್ತು ಸಂಗಡಿಗರು ಡಿಟಿಪಿಎ ಎಂಬ ಸಾವಯವ ಅಣುವಿನಿಂದ ಇದನ್ನು ಸಾಧಿಸಿದರು. ಲೋಹದ ಸುತ್ತಲಿನ ಒಂಬತ್ತು ಜಾಗಗಳಲ್ಲಿ ಎಂಟನ್ನು ಅದು ಹಿಡಿದುಕೊಳ್ಳುತ್ತದೆ. ಒಂಬತ್ತನೆಯದರಲ್ಲಿ ನೀರಿನ ಅಣುಗಳು ಸೆಕೆಂಡಿಗೆ ಲಕ್ಷಾಂತರ ಸಲ ಬಂದು ಹೋಗುತ್ತವೆ. ಆ ಒಂದು ಖಾಲಿ ಜಾಗವೇ ಇಡೀ ಔಷಧ. 1988ರಲ್ಲಿ ಅದು ಮ್ಯಾಗ್ನೆವಿಸ್ಟ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಕಸುಬುದಾರಿಕೆ ಎಂದು ನೋಡಿದರೆ ನಾನು ಇದಕ್ಕೆ ತುಂಬಾ ಮೇಲಿನ ಅಂಕ ಕೊಡುತ್ತೇನೆ.

ಆಮೇಲಿನದಕ್ಕೆ ಕೊಡಲಾರೆ. ಡಿಟಿಪಿಎ ಮತ್ತು ಅದರ ತಮ್ಮಂದಿರು ಉದ್ದನೆಯ ಸರಪಳಿಗಳು. ಒಂದು ತುದಿ ಸಡಿಲಿದರೆ ಬಿಚ್ಚಿಕೊಳ್ಳಬಲ್ಲವು. ಫ್ರಾನ್ಸಿನ ಡೋಟಾರೆಂ ಎಂಬ ಔಷಧದಲ್ಲಿರುವ ಡೋಟಾ ಅಣುವಿನದು ಮುಚ್ಚಿದ ಉಂಗುರ. ಕಟುವಾದ ಆಮ್ಲದಲ್ಲಿ ಅದು ಲೋಹ ಬಿಡಲು ದಿನಗಟ್ಟಲೆ ಬೇಕು, ಸರಪಳಿಯವಕ್ಕೆ ಕೆಲವೇ ನಿಮಿಷ. ಸರಪಳಿ ಜಾತಿಯ ಆಮ್ನಿಸ್ಕ್ಯಾನ್ ಎಂಬ ಔಷಧದಲ್ಲಿ ಬಿಟ್ಟುಹೋಗುವ ಲೋಹವನ್ನು ಹಿಡಿಯಲೆಂದು ಸುಮಾರು 5% ಹೆಚ್ಚುವರಿ ಲಿಗ್ಯಾಂಡನ್ನೇ, ಅಂದರೆ ಲೋಹ ಹಿಡಿಯುವ ಅಣುವನ್ನೇ, ಬಾಟಲಿಗೆ ಸೇರಿಸಿದ್ದರು. ಹಿಡಿತ ಸಡಿಲ ಎಂಬ ಅಳುಕು ತಯಾರಿಸಿದವರಿಗೇ ಇದ್ದಂತೆ ನನಗೆ ತೋರುತ್ತದೆ. 2006ರಲ್ಲಿ ಆಸ್ಟ್ರಿಯಾದ ಗ್ರೋಬ್ನರ್, ಕಿಡ್ನಿ ಕೆಟ್ಟವರ ಚರ್ಮ ಮರದಂತೆ ಗಟ್ಟಿಯಾಗುವ ಕಾಯಿಲೆಗೂ ಈ ಇಂಜೆಕ್ಷನ್ನಿಗೂ ನಂಟಿದೆ ಎಂದರು. 2014ರಲ್ಲಿ ಜಪಾನಿನ ಕಾಂಡಾ, ಪದೇ ಪದೇ ಇಂಜೆಕ್ಷನ್ ಪಡೆದವರ ಮಿದುಳಿನಲ್ಲಿ ಅದರ ಗುರುತು ಉಳಿಯುವುದನ್ನು ತೋರಿಸಿದರು. ಮಿದುಳಿನಲ್ಲಿ ಉಳಿದದ್ದರಿಂದ ಹಾನಿಯಾಗಿದೆ ಎಂಬುದು ಸಾಬೀತಾಗಿಲ್ಲ; ಆದರೂ 2017ರಲ್ಲಿ ಯುರೋಪು ಸರಪಳಿ ಜಾತಿಯ ಬಹುಪಾಲು ಔಷಧಗಳನ್ನು ರಕ್ತನಾಳದ ಬಳಕೆಯಿಂದ ಹಿಂದಕ್ಕೆ ಸರಿಸಿತು. ಉಂಗುರದವೂ ಒಂದಿಷ್ಟು ಉಳಿಸುತ್ತವೆ, ಕಡಿಮೆ ಅಷ್ಟೆ.

ಇಷ್ಟೆಲ್ಲ ಆದಮೇಲೂ ನಮ್ಮಲ್ಲಿ ರೋಗಿಯ ಕೈಗೆ ಸಿಗುವ ಕಾಗದ ಹೇಗಿರುತ್ತದೆ? ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ನಿವೃತ್ತರ ಮನೆಗಳು ಜಾಸ್ತಿ. ಬೀರುವಿನ ಮೇಲೆ ಒರಗಿಸಿಟ್ಟ ಸ್ಕ್ಯಾನ್ ಕವರುಗಳೂ ಜಾಸ್ತಿ. ಕಾಳಿದಾಸ ರಸ್ತೆಯ ಹಿಂದಿನ ಬೀದಿಯ ಆಂಟಿಯೊಬ್ಬರು ಯಜಮಾನರ ರಿಪೋರ್ಟ್ ತಂದು, “ಸೈನ್ ಹಾಕಿ ಅಂದ್ರು, ಹಾಕಿದ್ವಿ ಸಾರ್. ಏನ್ ಕೊಟ್ರೋ ದೇವರಿಗೇ ಗೊತ್ತು” ಅಂದರು. ಕಿಡ್ನಿಯ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದ್ದರು, ಒಳ್ಳೆಯದು. ಔಷಧದ ಬಗ್ಗೆ ಇದ್ದದ್ದು ಒಂದೇ ಸಾಲು: ಗ್ಯಾಡೊಲಿನಿಯಂ ಕಾಂಟ್ರಾಸ್ಟ್, 12 ಎಂಎಲ್. 60 ಕಿಲೋ ತೂಕದವರಿಗೆ ಡೋಟಾರೆಂ ಆಗಿದ್ದರೆ ಅದು ಸರಿಯಾದ ಡೋಸು, ಒಂದು ಗ್ರಾಂಗೆ ತುಸು ಕಡಿಮೆ ಲೋಹ. ಗ್ಯಾಡೊಬ್ಯೂಟ್ರಾಲ್ ಎಂಬ ಇನ್ನೊಂದು ಔಷಧ ಆಗಿದ್ದರೆ ಅದರ ದ್ರಾವಣವೇ ಎರಡು ಪಟ್ಟು ಗಟ್ಟಿ. ಅದೇ 12 ಎಂಎಲ್ ದುಪ್ಪಟ್ಟು ಡೋಸು. ಯಾವ ಅಣು ಎಂದು ಬರೆಯದೆ ಎಂಎಲ್ ಬರೆದು ಏನು ಬಂತು?

ಇನ್ನೊಂದು ಮಾತು, ನಮ್ಮ ರಾಜ್ಯದ್ದೇ. 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಕೊಳವೆಯಲ್ಲಿ ಹರಿಯುವ ನೀರಿನ ಸಂಕೇತವನ್ನು ಅಳೆದರು. ದಣಿದ ನ್ಯೂಕ್ಲಿಯಸ್ಸುಗಳು ಮುಂದೆ ಸಾಗಿ ಹೊಸವು ಬರುತ್ತಿದ್ದುದರಿಂದ ಹರಿವು ಜೋರಾದಂತೆ ಸಂಕೇತವೂ ಏರಿತು. ಗ್ಯಾಡೊಲಿನಿಯಂ ದಣಿವನ್ನು ಬೇಗ ಕಳೆಯುತ್ತದೆ, ಹರಿವು ದಣಿದವರನ್ನೇ ಬದಲಿಸುತ್ತದೆ, ಫಲ ಒಂದೇ. ಇವತ್ತು ಮಿದುಳಿನ ರಕ್ತನಾಳಗಳ ಎಂಆರ್ ಆಂಜಿಯೋವನ್ನು ಎಷ್ಟೋ ಸಲ ಇದೇ ತತ್ವದ ಮೇಲೆ, ಇಂಜೆಕ್ಷನ್ ಇಲ್ಲದೆ ತೆಗೆಯುತ್ತಾರೆ. ಗಡ್ಡೆ, ಸೋಂಕು, ಆಪರೇಷನ್ ಆದ ಬೆನ್ನು ಇವಕ್ಕೆ ಅದು ಸಾಲದು, ಗ್ಯಾಡೊಲಿನಿಯಂ ಬೇಕಾಗುತ್ತದೆ. ಡಿಸ್ಕ್ ಜಾರಿದ ಸಾಮಾನ್ಯ ಸೊಂಟನೋವಿಗೆ ಹೆಚ್ಚಿನ ಸಲ ಬೇಡ.

ಮುಂದಿನ ಸಲ ಏನು ಮಾಡಲಿ ಎಂದು ಆಂಟಿ ಕೇಳಿದರು. ಬಾಟಲಿಯ ಮೇಲಿನ ಹೆಸರನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ, ರಿಪೋರ್ಟಿನಲ್ಲೂ ಬರೆಸಿ ಅಂದೆ. ಯಜಮಾನರಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಆಗಬೇಕಿದೆ.